ಹದಿನೇಳನೆಯ ಸೆಕೆಂಡಿನಲ್ಲಿ ಎರಡು ದನಿ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ ಹದಿನೇಳು ಸೆಕೆಂಡಿಗೆ ಪರದೆಯ ಮೇಲಿನ ಹದಿನೇಳನೆಯ ಚೌಕ ಹಸಿರಾಯಿತು. ಮುಂದಿನ ನಿಮಿಷ ಆಗಲಿಲ್ಲ. ಅದರ ಮುಂದಿನ ನಿಮಿಷ ಮತ್ತೆ ಆಯಿತು.

ಇನ್‌ಸ್ಪೆಕ್ಟರ್ ಕುಳಿತಿರಲಿಲ್ಲ. ಬೆಳಿಗ್ಗೆಯಿಂದ ಆ ಪುಟ್ಟ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದವಳು ಈಗ ಪರದೆಯ ಮುಂದೆ ಬಂದು ನಿಂತು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಇನ್ನೂ ನಾಲ್ಕು ನಿಮಿಷ ನೋಡಿದಳು. ಹಸಿರು, ಖಾಲಿ. ಹಸಿರು, ಖಾಲಿ.

"ಇದು ಒಂದು ನಿಮಿಷ ಮಾತಾಡುತ್ತೆ, ಇನ್ನೊಂದು ನಿಮಿಷ ಸುಮ್ಮನಿರುತ್ತೆ. ಯಾಕೆ?"

ಕುರ್ಚಿಯಲ್ಲಿದ್ದ ವೈರ್‌ಲೆಸ್ ಎಂಜಿನಿಯರ್ ತಲೆ ಎತ್ತಲಿಲ್ಲ. ಅದು ಹಾಗೇ, ಬ್ಯಾಟರಿ ಉಳಿಸೋಕೆ, ಎಂದ.

ಐದು ದಿನದ ಹಿಂದೆ ಇದೇ ಶೀತಲಗೃಹದ ಆರನೆಯ ಕೊಠಡಿಯಲ್ಲಿ ಅಮೋನಿಯ ಸೋರಿ ಮೆಕ್ಯಾನಿಕ್ ಸತ್ತಿದ್ದ. ಕೊಳವೆಯ ನಟ್ಟನ್ನು ಯಾರೋ ಬೇಕೆಂದೇ ಸಡಿಲಿಸಿದ್ದರು. ಅವನ ತಲೆಯ ಮೇಲೆಯೇ ಗೋಡೆಯಲ್ಲಿದ್ದ ಹದಿನೇಳನೆಯ ಸೆನ್ಸರ್ ಎಚ್ಚರಿಕೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಸೈರನ್ ಕೂಗುತ್ತಿತ್ತು, ಅವನು ಓಡಿ ಬರುತ್ತಿದ್ದ.

ಆ ಸೆನ್ಸರುಗಳಿಗೆ ಕೆಲಸಗಾರರು ಮೂಗು ಎನ್ನುತ್ತಿದ್ದರು. ಗಾಳಿಯಲ್ಲಿ ಅಮೋನಿಯ ಎಷ್ಟಿದೆಯೆಂದು ಮೂಸಿ, ತಂತಿಯಿಲ್ಲದೆ ಈ ಕೋಣೆಯ ಪೆಟ್ಟಿಗೆಗೆ ಹೇಳುವುದು ಅವುಗಳ ಕೆಲಸ. ಒಟ್ಟು ಐವತ್ತೆಂಟು ಮೂಗು. ಎಲ್ಲಕ್ಕೂ ಸೇರಿ ಇರುವುದು ಒಂದೇ ರೇಡಿಯೊ ಅಲೆ. ಎರಡು ಮೂಗು ಒಟ್ಟಿಗೆ ಬಾಯಿ ತೆರೆದರೆ ಎರಡರ ಮಾತೂ ಕಲಸಿಹೋಗಿ ಯಾವುದೂ ಕೇಳಿಸದು. ಅದಕ್ಕೇ ನಿಮಿಷವನ್ನು ಸೆಕೆಂಡುಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಸೆಕೆಂಡು ಕೊಟ್ಟಿದ್ದರು. ತನ್ನ ಸೆಕೆಂಡು ಬಂದಾಗ ಹೇಳಬೇಕು, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. ಆ ಪಟ್ಟಿಯನ್ನು ಮಾಡಿದವನೇ ಈ ಎಂಜಿನಿಯರ್. ಮಾತೆತ್ತಿದರೆ ಸರದಿ, ಸರದಿ ಎನ್ನುತ್ತಿದ್ದುದರಿಂದ ಅವನ ಹೆಸರೇ ಸರದಿ ಎಂದಾಗಿತ್ತು.

ನಾಲ್ಕು ಗಂಟೆಗೆ ಬೀಗಮುದ್ರೆ ತೆಗೆಯಬೇಕೆಂದು ಆದೇಶ ಬಂದಿತ್ತು. ನಲವತ್ತು ಜನ ಮತ್ತೆ ಒಳಗೆ ಹೋಗುತ್ತಾರೆ. ಮೇಲಧಿಕಾರಿ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ, ಪ್ರಯೋಗಾಲಯದವರೇ ಮೂಗು ಸರಿಯಾಗಿದೆ ಅಂದ ಮೇಲೆ ನಿನ್ನದೇನು ಎಂದು ಕೇಳುತ್ತಿದ್ದ. ಸರಿಯಾಗಿರುವ ಮೂಗು ಆ ದಿನ ಮಾತ್ರ ಯಾಕೆ ಮೂಕವಾಯಿತು ಎನ್ನುವುದೊಂದೇ ಅವಳ ತಲೆ ತಿನ್ನುತ್ತಿತ್ತು.

"ಹದಿನೆಂಟನೇದು ಪ್ರತಿ ನಿಮಿಷ ಮಾತಾಡ್ತಾ ಇದೆ. ಅದಕ್ಕೆ ಬ್ಯಾಟರಿ ಉಳಿಸೋದು ಬೇಡ್ವಾ?"

ಸರದಿ ಪರದೆಯತ್ತ ತಿರುಗಿ ಕುಳಿತ. ಕೆಲವಕ್ಕೆ ಹಾಗೆ, ಕೆಲವಕ್ಕೆ ಹೀಗೆ ಎಂದು ಏನೋ ಗೊಣಗಿದ.

ಅವಳು ಲೆಕ್ಕ ಹಾಕಿದಳು. ನಿಮಿಷ ಬಿಟ್ಟು ನಿಮಿಷ ಮಾತಾಡುವ ಮೂಗು ಒಟ್ಟು ಹನ್ನೆರಡು ಇದ್ದವು. ಹನ್ನೆರಡೂ ಸಮ ಸಂಖ್ಯೆಯ ನಿಮಿಷದಲ್ಲಿ ಮಾತ್ರ ಬಾಯಿ ಬಿಡುತ್ತಿದ್ದವು. ಬೆಸ ನಿಮಿಷಗಳಲ್ಲಿ ಆ ಹನ್ನೆರಡು ಜಾಗ ಖಾಲಿ. ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿದಿಟ್ಟ ಸೀಟಿನಂತೆ ಖಾಲಿ. ಸೀಟು ಹಿಡಿದಿಟ್ಟಿದ್ದಾರೆ ಅಂದಮೇಲೆ ಯಾರೋ ಬರಬೇಕಾದವರಿದ್ದಾರೆ.

ಅವಳು ಮೆಕ್ಯಾನಿಕ್ ಸತ್ತ ದಿನದ ದಾಖಲೆಯನ್ನು ಅಚ್ಚು ಹಾಕಿ ಕೊಡಲು ಹೇಳಿದಳು. ಯಂತ್ರ ಕಿರ್ ಎನ್ನುತ್ತ ಹದಿನಾಲ್ಕು ಹಾಳೆ ಹೊರಹಾಕಿತು.

ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಷೂ ಬಿಚ್ಚಿ, ಅವುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತಳು. ಮ್ಯಾನೇಜರ್ ಒಮ್ಮೆ ಬಾಗಿಲಿಂದ ಇಣುಕಿ, ಊಟ ತರಿಸಲೇ ಎಂದು ಕೇಳಿ, ಅವಳ ಮುಖ ನೋಡಿ ಹಾಗೇ ಹಿಂದಿರುಗಿದ.

ಆ ದಿನ ಬೆಳಿಗ್ಗೆ ಒಂಬತ್ತು ಹತ್ತರವರೆಗೆ ಹದಿನೇಳನೆಯ ಸೆಕೆಂಡಿನ ಸಾಲು ಸರಿಯಾಗಿತ್ತು. ಒಂಬತ್ತು ಹನ್ನೆರಡಕ್ಕೆ ಅಲ್ಲಿ ‘ಗದ್ದಲ’ ಎಂದು ಬಂದಿತ್ತು. ಮುಂದೆ ಎಲ್ಲವೂ ಗದ್ದಲ. ಅಂದರೆ ಮೂಗು ಮೂಕವಾಗಿರಲಿಲ್ಲ. ಅದು ಮಾತಾಡುವ ಸೆಕೆಂಡಿನಲ್ಲೇ ಇನ್ನೊಂದು ಯಾವುದೋ ಅದರ ಮೇಲೆ ಮಾತಾಡುತ್ತಿತ್ತು.

ಪ್ರತಿ ಗದ್ದಲದ ಎದುರು ಎರಡೆರಡು ಅಂಕಿ ಇದ್ದವು. ಅದೇನೆಂದು ಕೇಳಿದಳು. ಸೆಕೆಂಡು ಶುರುವಾದ ಮೇಲೆ ದನಿ ಎಷ್ಟು ತಡವಾಗಿ ಬಂತು ಅನ್ನೋದು, ಸೆಕೆಂಡಿನ ಸಾವಿರದ ಪಾಲುಗಳಲ್ಲಿ, ಎಂದ ಸರದಿ. ಕೆಲಸದ ಮಾತು ಬಂದರೆ ಅವನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು. ಪ್ರತಿ ಮೂಗಿನೊಳಗೂ ಒಂದು ಪುಟ್ಟ ಗಡಿಯಾರವಿದೆ. ಚಳಿಯಲ್ಲಿ ಆ ಗಡಿಯಾರ ನಿಧಾನವಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆ ಎಲ್ಲರಿಗೂ ಸರಿಯಾದ ಸಮಯ ಸಾರುತ್ತದೆ. ಸಾರುವ ಹೊತ್ತಿಗೆ ಒಳಗಿನ ಮೂಗುಗಳೆಲ್ಲ ಮೂವತ್ತೈದು, ಮೂವತ್ತಾರು ಪಾಲು ಹಿಂದೆ ಬಿದ್ದಿರುತ್ತವೆ.

"ಚಳಿ ಇಲ್ಲದ ಕಡೆ?"

"ಅಲ್ಲಿ ಹಿಂದೆ ಬೀಳಲ್ಲ ಮೇಡಂ. ಸೊನ್ನೆ ಅಂತಾನೇ ಇಟ್ಕೊಳ್ಳಿ."

ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತೋ ಏನೋ, ಅವನ ಮುಖ ಸಪ್ಪಗಾಯಿತು.

ಅವಳು ಹಾಳೆಗೆ ಬಾಗಿದಳು. ಸಮಯ ಸಾರುವುದಕ್ಕೆ ಎರಡು ನಿಮಿಷ ಮೊದಲಿನ ಸಾಲುಗಳನ್ನಷ್ಟೇ ಹೆಕ್ಕಿ, ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಳು. ಒಂದು ದನಿ ಯಾವಾಗಲೂ ಮೂವತ್ತಾರು ಪಾಲು ತಡ. ಅದು ಗೋಡೆಯ ಮೂಗು. ಎರಡನೆಯ ದನಿ ಸೊನ್ನೆ. ಒಂಬತ್ತು ಇಪ್ಪತ್ತೆಂಟಕ್ಕೆ ಸೊನ್ನೆ, ಒಂಬತ್ತು ಐವತ್ತೆಂಟಕ್ಕೆ ಸೊನ್ನೆ, ಹತ್ತು ಇಪ್ಪತ್ತೆಂಟಕ್ಕೆ ಸೊನ್ನೆ. ಅದು ಚಳಿ ಕೊಠಡಿಗಳ ಹೊರಗೆ, ಮನುಷ್ಯರು ಓಡಾಡುವ ಜಾಗದಲ್ಲೆಲ್ಲೋ ಇತ್ತು.

ಹತ್ತು ನಲವತ್ತೆಂಟಕ್ಕೆ ಅದು ಐದು ಪಾಲು ತಡವಾಗಿತ್ತು. ಹತ್ತು ಐವತ್ತೆಂಟಕ್ಕೆ ಹದಿನೆಂಟು. ಮುಂದೆ ಇಪ್ಪತ್ತೇಳು. ಆಮೇಲೆ ಮೂವತ್ತಮೂರು, ಮೂವತ್ತನಾಲ್ಕು.

ಪೆನ್ಸಿಲ್ ನಿಂತಿತು. ಕಾರಿಡಾರಿನ ಕಾವಲುಗಾರನ ಪುಸ್ತಕದಲ್ಲಿ ಅವಳಿಗೆ ಬಾಯಿಪಾಠವಾಗಿದ್ದ ಸಾಲೊಂದಿತ್ತು: ಮೆಕ್ಯಾನಿಕ್, ಆರನೆಯ ಕೊಠಡಿ, ಒಳಗೆ ಹೋದದ್ದು ಹತ್ತು ಮೂವತ್ತೆಂಟು.

ಎರಡನೆಯ ದನಿ ಅವನ ಜೊತೆಗೇ ಒಳಗೆ ಹೋಗಿತ್ತು. ಅವನು ಬಿದ್ದ ಮೇಲೆ ಅಲ್ಲೇ ಉಳಿದಿತ್ತು. ಅವನ ಮೈಯಂತೆ ಅದೂ ಸ್ವಲ್ಪ ಸ್ವಲ್ಪವಾಗಿ ತಣ್ಣಗಾಗುತ್ತ ಹೋಗಿತ್ತು.

ಅವಳು ಮುಂದಿನ ಹಾಳೆ ಎತ್ತಿಕೊಂಡಳು. ಹನ್ನೊಂದು ಮೂವತ್ತೊಂದಕ್ಕೆ ಹೆಣವನ್ನು ಹೊರಗೆ ತಂದಿದ್ದರು. ಹನ್ನೊಂದು ಮೂವತ್ತೆಂಟಕ್ಕೆ ತಡ ಇಪ್ಪತ್ತಕ್ಕೆ ಇಳಿದಿತ್ತು. ನಲವತ್ತೆಂಟಕ್ಕೆ ಆರು. ಐವತ್ತರದೇ ಕೊನೆಯ ಗದ್ದಲ. ಐವತ್ತೆರಡಕ್ಕೆ ಹದಿನೇಳನೆಯ ಮೂಗು ಒಂದೇ ದನಿಯಲ್ಲಿ, ಸ್ಪಷ್ಟವಾಗಿ, ಅಮೋನಿಯ ಅಪಾಯದ ಮಟ್ಟ ಮೀರಿದೆ ಎಂದಿತ್ತು.

ಸೈರನ್ ಕೂಗಿದ್ದು ಆಗ. ಆಂಬುಲೆನ್ಸ್ ಗೇಟು ದಾಟಿ ಎರಡು ನಿಮಿಷವೂ ಆಗಿರಲಿಲ್ಲ.

ಎರಡನೆಯ ದನಿ ಆಂಬುಲೆನ್ಸಿನಲ್ಲಿ ಹೊರಟುಹೋಗಿತ್ತು.

ಅವಳು ಕಾರಿಡಾರಿಗೆ ಬಂದು ಠಾಣೆಗೆ ಫೋನ್ ಮಾಡಿದಳು. ಮೆಕ್ಯಾನಿಕ್‌ನ ಮೈಮೇಲೆ ಸಿಕ್ಕ ವಸ್ತುಗಳ ಪಟ್ಟಿ ಓದಲು ದಫೇದಾರನಿಗೆ ಹೇಳಿದಳು. ದಫೇದಾರ್ ನಿವೃತ್ತಿಗೆ ಹತ್ತಿರವಾದ ಮನುಷ್ಯ, ಓದುವುದೆಂದರೆ ಪುರಾಣ ಓದಿದಂತೆ ನಿಧಾನ. ಕನ್ನಡಕ ಒಂದು. ಬಾಚಣಿಗೆ ಒಂದು. ಸ್ಕ್ರೂಡ್ರೈವರ್ ಒಂದು. ತಲೆನೋವಿನ ಮಾತ್ರೆ ಎರಡು. ಕೀಚೈನ್ ಒಂದು.

"ಕೀ ಎಷ್ಟು?"

"ಕೀ ಇಲ್ಲ ಮೇಡಂ. ಬರೀ ಕೀಚೈನು. ನಾನೂ ಅಂದ್ಕೊಂಡೆ, ಏನು ಮನುಷ್ಯನಪ್ಪ, ಕೀ ಇಲ್ಲದೆ ಚೈನ್ ಇಟ್ಕೊಂಡಿದ್ದಾನೆ ಅಂತ. ಬಿಳಿ ಪ್ಲಾಸ್ಟಿಕ್, ದೊಡ್ಡ ಗುಂಡಿ ಥರ ಇದೆ."

ಅದನ್ನು ಚೀಲದ ಸಮೇತ ತಕ್ಷಣ ತರಲು ಹೇಳಿದಳು. ಫೋನ್ ಇಟ್ಟ ಕೂಡಲೇ ಮೇಲಧಿಕಾರಿಯ ಕರೆ ಬಂತು. ಅವಳು ಎತ್ತಲಿಲ್ಲ.

ಕೋಣೆಗೆ ವಾಪಸು ಬಂದಾಗ ಸರದಿ ಕಿಟಕಿಯ ಬಳಿ ನಿಂತಿದ್ದ. ಕೈ ಕಟ್ಟಿಕೊಂಡಿದ್ದ, ಬಿಚ್ಚಿದ, ಮತ್ತೆ ಕಟ್ಟಿಕೊಂಡ. ಅವಳು ಕುರ್ಚಿ ಎಳೆದು, ಆ ದಿನ ಮೊದಲ ಸಲ ಅದರಲ್ಲಿ ಕುಳಿತು, ಪರದೆ ನೋಡುತ್ತ ಕಾದಳು. ಮೊಣಕಾಲು ಮಾತ್ರ ಅವಳ ಮಾತು ಕೇಳದೆ ಅಲುಗುತ್ತಲೇ ಇತ್ತು.

ಎರಡು ಇಪ್ಪತ್ತೆಂಟು. ಹದಿನೇಳು ಹಸಿರು.

ಎರಡು ಮೂವತ್ತು. ಹಸಿರು.

ಕೆಳಗೆ ಮೋಟಾರ್‌ಸೈಕಲ್ ಬಂದು ನಿಂತ ಸದ್ದಾಯಿತು. ಕಾವಲುಗಾರನ ಜೊತೆ ದಫೇದಾರ್ ಏನೋ ವಾದ ಮಾಡುವುದು ಕೇಳಿಸಿತು. ಎರಡು ನಲವತ್ತಕ್ಕೆ ಪೆಟ್ಟಿಗೆ ಸಮಯ ಸಾರಿತು.

ಎರಡು ನಲವತ್ತು, ಹದಿನೇಳು ಸೆಕೆಂಡು. ಚೌಕ ಕೆಂಪಾಯಿತು. ಗದ್ದಲ.

ಬಾಗಿಲಲ್ಲಿ ದಫೇದಾರ್ ಏದುಸಿರು ಬಿಡುತ್ತ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. ಚೀಲದೊಳಗಿನ ಬಿಳಿ ಗುಂಡಿಯ ಅಂಚಿನಲ್ಲಿ ಸಾಸಿವೆಯಷ್ಟು ದೀಪವೊಂದು ಮಿನುಗಿ ಆರಿತು.

"ಇದೇನು ಅಂತ ಈಗ ನೀವೇ ಹೇಳಿ," ಎಂದಳು ಇನ್‌ಸ್ಪೆಕ್ಟರ್.

ಸರದಿ ಗೋಡೆಗೆ ಒರಗಿದ. ಹೇಳಲು ಶುರು ಮಾಡಿದ ಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು.

ಅದು ಟ್ಯಾಗ್. ಚಳಿ ಕೊಠಡಿಗೆ ಹೋಗುವವರು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಯಾರಾದರೂ ಹೆಚ್ಚು ಹೊತ್ತು ಒಳಗೇ ಉಳಿದರೆ ಪೆಟ್ಟಿಗೆಗೆ ಗೊತ್ತಾಗಲಿ ಎಂದು ಹನ್ನೆರಡು ಟ್ಯಾಗ್ ತಂದಿದ್ದರು. ಆದರೆ ನಿಮಿಷದಲ್ಲಿ ಜಾಗವಿರಲಿಲ್ಲ. ಐವತ್ತೆಂಟು ಮೂಗಿಗೆ ಐವತ್ತೆಂಟು ಸೆಕೆಂಡು, ಉಳಿದೆರಡು ಪೆಟ್ಟಿಗೆಗೆ. ಸೆಕೆಂಡನ್ನು ಸೀಳಿ ಹೊಸದಾಗಿ ಪಟ್ಟಿ ಕಟ್ಟಲು ಮೂರು ವಾರ ಬೇಕೆಂದು ಅವನು ಕೇಳಿದ್ದ. ತಪಾಸಣೆಯವರು ಬರುತ್ತಾರೆ, ಎರಡು ದಿನದಲ್ಲಿ ಮುಗಿಸು ಎಂದಿದ್ದ ಮ್ಯಾನೇಜರ್. ಹಾಗಾಗಿ ಅವನು ಹನ್ನೆರಡು ಮೂಗಿನ ಜಾಗವನ್ನೇ ಪಾಲು ಮಾಡಿದ. ಸಮ ನಿಮಿಷ ಮೂಗಿಗೆ, ಬೆಸ ನಿಮಿಷ ಟ್ಯಾಗಿಗೆ. ಸಾವಾದ ದಿನವೇ ಟ್ಯಾಗುಗಳನ್ನು ವಾಪಸು ಪಡೆದು ಕಪಾಟಿಗೆ ಹಾಕಿ, ಬಾಯಿಗೆ ಬೀಗ ಹಾಕಿಕೊಳ್ಳುವಂತೆ ಮ್ಯಾನೇಜರ್ ಎಲ್ಲರಿಗೂ ಹೇಳಿದ್ದ. ಕಪಾಟಿನಲ್ಲಿ ಹನ್ನೊಂದೇ ಇದ್ದವು.

ಪಟ್ಟಿ ತೋರಿಸಲು ಹೇಳಿದಳು. ಅವನು ತೆರೆದ. ಹನ್ನೊಂದು ಟ್ಯಾಗಿನ ಎದುರು ಬೆಸ ಎಂದಿತ್ತು. ಹದಿನೇಳನೆಯ ಸೆಕೆಂಡಿನ ಟ್ಯಾಗಿನ ಎದುರು ಮಾತ್ರ ಸಮ ಎಂದಿತ್ತು.

"ಕೈ ತಪ್ಪು ಮೇಡಂ. ಅವಸರದಲ್ಲಿ ಒಂದು ಸಾಲು ತಪ್ಪಾಯ್ತು."

ಪಕ್ಕದ ಕಾಲಮಿನಲ್ಲಿ ಟ್ಯಾಗ್ ಯಾರದೆಂದು ಬರೆದಿತ್ತು. ಮೆಕ್ಯಾನಿಕ್ ಅಲ್ಲ. ಸ್ಟಾಕ್ ಎಣಿಸುವವಳು. ಮೆಕ್ಯಾನಿಕ್‌ನ ಹೆಂಡತಿ.

ದಫೇದಾರ್ ಮೆಲ್ಲಗೆ ಟೋಪಿ ತೆಗೆದ.

ಇನ್‌ಸ್ಪೆಕ್ಟರ್ ಕಡೆಯ ಹಾಳೆಯನ್ನು ಅವನ ಮುಂದೆ ಹಿಡಿದಳು. ಒಂಬತ್ತು ಹನ್ನೆರಡರಿಂದ ಮೂಗು ಕೇಳಿಸದಿದ್ದಾಗ, ಅರ್ಧ ಗಂಟೆಯ ನಂತರ, ಒಂಬತ್ತು ನಲವತ್ತೆರಡಕ್ಕೆ ಇದೇ ಪರದೆಯ ಮೇಲೆ ಹಳದಿ ಸೂಚನೆ ಬಂದಿತ್ತು. ಒಂಬತ್ತು ಐವತ್ತಕ್ಕೆ ಯಾರೋ ‘ನೋಡಿದ್ದೇನೆ’ ಎಂಬ ಗುಂಡಿ ಒತ್ತಿದ್ದರು.

"ಒತ್ತಿದ್ದು ನಾನೇ," ಎಂದ ಸರದಿ. "ದಿನಕ್ಕೆ ಹತ್ತು ಸಲ ಬರುತ್ತೆ ಅದು. ಊಟ ಆದ್ಮೇಲೆ ನೋಡೋಣ ಅಂತ ಬಿಟ್ಟೆ."

"ಒತ್ತಿದ ಮೇಲೆ ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ. ಅದೇ ಮೇಡಂ ನನ್ನ ತಪ್ಪು. ಏನೂ ಮಾಡ್ಲಿಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ಮೆಕ್ಯಾನಿಕ್ ತನಗೆ ಅಣ್ಣನ ಹಾಗಿದ್ದ, ಮೊದಲ ವರ್ಷ ಊಟದ ಡಬ್ಬಿಯನ್ನೂ ಹಂಚಿಕೊಂಡಿದ್ದ ಎಂದು ತೊದಲಿದ. ಹೊತ್ತ ಭಾರ ಇಳಿಸಿದವನ ಅಳು ಅದು. ಇಪ್ಪತ್ತು ವರ್ಷದಲ್ಲಿ ಅಂಥ ಅಳು ಬಹಳ ನೋಡಿದ್ದ ಇನ್‌ಸ್ಪೆಕ್ಟರ್ ನಂಬಿದಳು. ಮೈಗಳ್ಳತನ, ಅಂಜುಬುರುಕುತನ, ಕೊಲೆಯಲ್ಲ. ನಟ್ಟು ಸಡಿಲಿಸಿದ ಕೈ ಬೇರೆಯದು. ಆ ದಿನದ ಕೆಲಸದ ಪಟ್ಟಿಯ ಪ್ರಕಾರ ಆರನೆಯ ಕೊಠಡಿಗೆ ಹೋಗಬೇಕಿದ್ದದ್ದು ಅವನ ಹೆಂಡತಿ. ಆ ಕೈ ಕಾದಿದ್ದದ್ದು ಮೆಕ್ಯಾನಿಕ್‌ಗಲ್ಲ, ಅವಳಿಗೆ.

ಹಾಗೆಂದುಕೊಂಡ ಮರುಕ್ಷಣ ಅವಳು ಬಾಗಿಲತ್ತ ತಿರುಗಿದಳು. ಆ ಹೆಂಡತಿ ಇವತ್ತಿನಿಂದ ಕೆಲಸಕ್ಕೆ ಬರುವುದಾಗಿ ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದ.

ಹೇಳಿಕೆ ಬರೆಸಿಕೊಳ್ಳಲು ದಫೇದಾರನನ್ನು ಬಿಟ್ಟು ಅವಳು ಮೆಟ್ಟಿಲಿಳಿದಳು. ಮೂರೂ ಕಾಲು. ಮ್ಯಾನೇಜರನನ್ನು ದಾರಿಯಲ್ಲೇ ಹಿಡಿದು, ಆರನೆಯ ಕೊಠಡಿಗೆ ಯಾರೂ ಕಾಲಿಡಕೂಡದು, ಹನ್ನೆರಡು ಮೂಗುಗಳನ್ನೂ ಹಳೆಯ ಪಟ್ಟಿಗೆ ಹಾಕುವವರೆಗೆ ಉಳಿದ ಬಾಗಿಲೂ ತೆರೆಯಕೂಡದು ಎಂದಳು. ಆದೇಶ ಇದೆಯಲ್ಲ ಎಂದು ಅವನು ಬಾಯಿ ತೆಗೆದ. ಟ್ಯಾಗುಗಳಿರುವ ಕಪಾಟಿನ ಬೀಗದ ಕೈ ಕೊಡಿ ಎಂದು ಅವಳು ಅಂಗೈ ಚಾಚಿದಾಗ ಬಾಯಿ ತಾನಾಗಿ ಮುಚ್ಚಿತು.

ಕೋಟುಗಳನ್ನಿಡುವ ಕೋಣೆ ನೆಲಮಹಡಿಯಲ್ಲಿತ್ತು. ಗೂಟಗಳಿಗೆ ತೂಗುಹಾಕಿದ ದಪ್ಪ ನೀಲಿ ಕೋಟುಗಳ ನಡುವೆ, ಬೆಂಚಿನ ಮೇಲೆ ಸ್ಟಾಕ್ ಎಣಿಸುವವಳು ಒಬ್ಬಳೇ ಕುಳಿತಿದ್ದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಮಡಿಲಲ್ಲಿ ಎಣಿಕೆಯ ಹಲಗೆ. ಮನೆಯಲ್ಲಿ ಅತ್ತೆ ನೋಡಿದವರೊಂದಿಗೆಲ್ಲ ಸೊಸೆಯ ಕಾಲ್ಗುಣ ಆಡುತ್ತಿದ್ದಾರೆ, ಅದಕ್ಕಿಂತ ಈ ಚಳಿಯೇ ವಾಸಿ ಅನ್ನಿಸಿ ಬಂದೆ ಎಂದಳು. ಅಳಲಿಲ್ಲ. ಅತ್ತು ಮುಗಿದಿರಬೇಕು.

ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕುಳಿತು ತಾನು ಕಂಡದ್ದನ್ನು ಮೆಲ್ಲಗೆ ಹೇಳಿದಳು. ಸತ್ತವನ ಜೇಬಿನಲ್ಲಿದ್ದದ್ದು ಅವಳ ಟ್ಯಾಗ್. ಆ ದಿನದ ಕೆಲಸದ ಪಟ್ಟಿಯಲ್ಲಿ ಆರನೆಯ ಕೊಠಡಿಗೆ ಹೆಸರಿದ್ದದ್ದೂ ಅವಳದೇ. ಹೊಂಚು ಹಾಕಿದವರು ಹಾಕಿದ್ದು ಅವಳಿಗೇ.

ಆ ಹೆಂಗಸು ಬೆಚ್ಚಲಿಲ್ಲ. ಹಲಗೆಯ ಮೇಲಿನ ಕಾಗದದ ಮೂಲೆಯನ್ನು ಉಗುರಿನಿಂದ ಮಡಚುತ್ತ, ಬಿಡಿಸುತ್ತ ಕುಳಿತಳು. ಇನ್‌ಸ್ಪೆಕ್ಟರಿಗೆ ಹೊಳೆಯಿತು: ಇವಳಿಗೆ ಇದು ಹೊಸ ಸುದ್ದಿಯಲ್ಲ.

ಟ್ಯಾಗ್ ಗಂಡನ ಕೈಗೆ ಹೇಗೆ ಹೋಯಿತು ಎಂದು ಕೇಳಿದಳು. ತಾನೇ ಕೊಟ್ಟೆ ಎಂದಳು ಹೆಂಗಸು. ಪಟ್ಟಿಯಲ್ಲಿ ಹೆಸರಿದ್ದವರ ಟ್ಯಾಗ್ ತೋರಿಸದೆ ಆ ಬಾಗಿಲು ತೆರೆಯುತ್ತಿರಲಿಲ್ಲ, ಅದಕ್ಕೆ.

"ನಿಮ್ಮ ಬದಲು ಅವರು ಯಾಕೆ ಹೋದ್ರು?"

"ನನಗೆ ಫೋನ್ ಬಂದಿತ್ತು ಮೇಡಂ. ಹತ್ತಕ್ಕೆ ಐದು ನಿಮಿಷ ಇತ್ತು. ಇವತ್ತು ಆರನೇ ರೂಮಿಗೆ ಕಾಲಿಡಬೇಡಿ ಅಕ್ಕ, ಏನಾದ್ರೂ ನೆಪ ಹೇಳಿ ಅಂತ. ಅಷ್ಟೇ ಹೇಳಿ ಇಟ್ಟುಬಿಟ್ರು."

ಹತ್ತಕ್ಕೆ ಐದು ನಿಮಿಷ. ಹಳದಿ ಸೂಚನೆಯ ಗುಂಡಿ ಒತ್ತಿದ್ದು ಒಂಬತ್ತು ಐವತ್ತಕ್ಕೆ. ಇನ್‌ಸ್ಪೆಕ್ಟರಿಗೆ ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು, ಆದರೂ ಕೇಳಿದಳು. ದನಿ ಯಾರದು?

"ಇಲ್ಲಿ ಎಲ್ರೂ ನನ್ನ ಸ್ಟಾಕ್ ಮೇಡಂ ಅಂತಾರೆ. ಅಕ್ಕ ಅನ್ನೋದು ಒಬ್ಬರೇ," ಎಂದು ಹೆಂಗಸು ಕಣ್ಣೆತ್ತಿ, ಕಿಟಕಿಯಾಚೆ, ಅಂಗಳದ ಆ ಬದಿಯ ಮಹಡಿಯಲ್ಲಿ ಕಾಣುವ ವೈರ್‌ಲೆಸ್ ಕೋಣೆಯನ್ನು ನೋಡಿದಳು.

ಏನೂ ಮಾಡಲಿಲ್ಲ ಎಂದು ಅತ್ತವನು ಅವನು.

ಮೂಗು ಕೇಳಿಸುತ್ತಿಲ್ಲ ಎಂದಷ್ಟೇ ಗೊತ್ತಿದ್ದವನು ಹೋಗಬೇಡಿ ಎನ್ನಬೇಕಿಲ್ಲ. ಇನ್ನೊಂದು ಮೂಗು ಹಿಡಿದುಕೊಂಡು ಬಂದು ಗೋಡೆಗೆ ಸಿಕ್ಕಿಸಿದರೆ ಸಾಕು. ಅವನಿಗೆ ನಟ್ಟಿನ ವಿಷಯವೂ ಗೊತ್ತಿತ್ತೇ? ಗೊತ್ತಿದ್ದರೆ, ಯಾರಿಂದ? ಬಿಡಿಸಿದ ಗಂಟು ಮತ್ತೆ ಬಿಗಿದುಕೊಂಡಿತು. ಇನ್‌ಸ್ಪೆಕ್ಟರ್ ಎದ್ದಳು. ಬಾಗಿಲವರೆಗೆ ಹೋದವಳು ಏನೋ ನೆನಪಾಗಿ ನಿಂತಳು.

"ಫೋನ್ ಬಂದಿದ್ದು ನಿಮ್ಮ ಮನೆಯವರಿಗೆ ಗೊತ್ತಿತ್ತಾ?"

"ನಾನೇ ಹೇಳಿದೆ. ಹೇಳಿದ ಮೇಲೇ ಅವರು ಟ್ಯಾಗ್ ಕೇಳಿದ್ದು." ಹೆಂಗಸು ಹಲಗೆಯನ್ನು ಪಕ್ಕಕ್ಕಿಟ್ಟಳು. ಐದು ದಿನ ಯಾರಿಗೂ ಹೇಳದ್ದನ್ನು ಈಗ ಹೇಳಿದಳು. "ಬೇಡ ಅಂತ ಕೋಟು ಹಿಡಿದೆಳೆದೆ. ಅಲ್ಲೇನಿದೆ ನಾನೇ ನೋಡ್ತೀನಿ ಅಂತ ಬಿಡಿಸ್ಕೊಂಡು ಹೋದ್ರು. ಹೋಗುವಾಗ ಒಂದು ಮಾತು ಹೇಳಿದ್ರು. ಅದರ ಅರ್ಥ ನನಗೆ ಇವತ್ತಿಗೂ ಆಗಿಲ್ಲ."

"ಏನು ಹೇಳಿದ್ರು?"

"ಈ ಸಲ ನಿನಗಾದ್ರೂ ಫೋನ್ ಮಾಡಿದ್ದಾನೆ. ಹೋದ ಸಲ ಹೀಗೇ ಆದಾಗ ಅವನು ಯಾರಿಗೂ ಮಾಡಿರಲಿಲ್ಲ ಅಂದ್ರು."